ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಬೇಕು. ಮೂವರು ಮೂರು ಥರ ಹೇಳಿದರು, ಯಾರನ್ನ ನಂಬಲಿ?

ಶಾಲ್ಮಲೆ_ಶಿರಸಿ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಸಣ್ಣದೊಂದು ಝೆರಾಕ್ಸ್-ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. 2018ರಲ್ಲಿ ತಗೊಂಡ ಲ್ಯಾಪ್‌ಟಾಪ್. ಇಂಟೆಲ್ ಐ5-8250ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಇಷ್ಟು ವರ್ಷ ಹೇಗೋ ದೂಡಿದೆ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಲ್ಲಿಸಿದರಲ್ಲ, ಆಗ 11 ಹಾಕಿಸಿದೆ. ಅಲ್ಲಿಂದ ಶುರು ನೋಡಿ ಗೋಳು. ಕೋರೆಲ್‌ನಲ್ಲಿ ಮದುವೆ ಕಾಗದ ತೆರೆದಿದ್ದು, ಪಕ್ಕದಲ್ಲಿ ಸೇವಾ ಸಿಂಧು ಪುಟ ತೆರೆದರೆ ಮೌಸಿನ ಬಾಣ ಕೂಡ ಅಲುಗುವುದಿಲ್ಲ. ಗಿರಾಕಿಗಳು "ಅಕ್ಕಾ, ಒಂದು ಚಾ ಕುಡಿದು ಬರ್ತೇನೆ" ಅಂತ ಹೋಗುತ್ತಾರೆ. ಕುಡಿದು ಬಂದರೂ ಪುಟ ತೆರೆದಿರುವುದಿಲ್ಲ.

ರ‍್ಯಾಮ್ ಹಾಕಿಸೋಣ ಅಂತ ಮೂವರನ್ನು ಕೇಳಿದೆ. ಒಬ್ಬರು, "ಈಗಿರೋದು 2400, ಹಾಕೋದೂ 2400ನೇ ಆಗಬೇಕು, ಅದು ಈಗ ಸಿಗೋದಿಲ್ಲ" ಅಂದರು. ಇನ್ನೊಬ್ಬರು, "ಕಂಪನಿ ಒಂದೇ ಇರಬೇಕು, ಇಲ್ಲದಿದ್ದರೆ ಜಗಳ ಆಡ್ತವೆ" ಅಂದರು. ನಮ್ಮ ಭಾವನ ಮಗ ಬೆಂಗಳೂರಲ್ಲಿ ಓದುತ್ತಾನೆ, ಅವನು "3200 ಹಾಕಿದ್ರೆ ಬೋರ್ಡ್ ಸುಟ್ಟುಹೋಗುತ್ತೆ ಚಿಕ್ಕಮ್ಮ" ಅಂತ ಹೆದರಿಸಿಬಿಟ್ಟ.

ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದೆ. ವೇಗ 2400, ಸ್ಲಾಟ್ 2ರಲ್ಲಿ 1 ಬಳಕೆಯಲ್ಲಿದೆ ಅಂತ ತೋರಿಸುತ್ತಿದೆ. ಅಂದರೆ ಒಂದು ಖಾಲಿ ಇದೆ, ಅಲ್ವಾ? 8 ಜಿಬಿ ತಂದು ಅದಕ್ಕೆ ಸಿಕ್ಕಿಸಿದರೆ ಒಟ್ಟು 12 ಆಗುತ್ತದೆ ಅಂತ ನನ್ನ ಲೆಕ್ಕ. ಸರಿಯೋ ತಪ್ಪೋ ಹೇಳಿ.


ರಿಪೇರಿ_ಸೀನ · ಶನಿವಾರ ರಾತ್ರಿ 10:05

ಅಕ್ಕ, ದುಡ್ಡು ಕೊಡೋ ಮುಂಚೆ ಕೇಳಿದ್ದು ಒಳ್ಳೇದಾಯ್ತು. ನಮ್ಮ ಅಂಗಡಿಗೆ ಬರುವವರಲ್ಲಿ ಜಾಸ್ತಿ ಜನ ತಂದ ಮೇಲೆ ಕೇಳುತ್ತಾರೆ.

ಮೊದಲು ಎರಡು ಕೆಲಸ ಮಾಡಿ. ಲ್ಯಾಪ್‌ಟಾಪ್ ತಿರುಗಿಸಿ, ಅಡಿಯಲ್ಲಿರುವ ಸ್ಟಿಕ್ಕರಿನ ಪೂರ್ತಿ ಮಾಡೆಲ್ ನಂಬರ್ ಬರೆದುಕೊಳ್ಳಿ. ಸೀರೀಸ್ ಹೆಸರು ಸಾಲದು. ಒಂದೇ ಹೆಸರಲ್ಲಿ ಹತ್ತು ಥರದ ಬೋರ್ಡ್ ಬಂದಿರುತ್ತವೆ. ಆಮೇಲೆ ಆ ನಂಬರ್ ಹಾಕಿ ಸರ್ವಿಸ್ ಮ್ಯಾನುಯಲ್ ಹುಡುಕಿ. ದೊಡ್ಡ ಕಂಪನಿಗಳೆಲ್ಲ ಪಿಡಿಎಫ್ ಬಿಟ್ಟಿ ಕೊಡುತ್ತವೆ. ಅದರಲ್ಲಿ ಮೆಮೊರಿ ಅನ್ನೋ ಕಡೆ ಎಷ್ಟು ಸ್ಲಾಟ್, ಯಾವ ತಲೆಮಾರಿನ ರ‍್ಯಾಮ್ (ಡಿಡಿಆರ್3, ಡಿಡಿಆರ್4, ಹೀಗೆ), ಗರಿಷ್ಠ ಎಷ್ಟು ಅಂತ ಇರುತ್ತದೆ.

ಇನ್ನು "2ರಲ್ಲಿ 1" ಅನ್ನೋದನ್ನ ಪೂರ್ತಿ ನಂಬಬೇಡಿ. ವಿಂಡೋಸ್ ಏನೂ ಕಣ್ಣಿಟ್ಟು ನೋಡಿ ಹೇಳೋದಿಲ್ಲ. ಬೋರ್ಡಿನಲ್ಲೇ ಇರುವ, ಆನ್ ಆದಾಗ ಮೊದಲು ಓಡುವ ಬಯೋಸ್ ಅನ್ನೋ ಪ್ರೋಗ್ರಾಮ್ ಏನು ಹೇಳಿತೋ ಅದನ್ನೇ ಓದುತ್ತದೆ. ಬಯೋಸ್ ಬರೆದವರು ಆ ಸೀರೀಸಿನ ಎಲ್ಲ ಬೋರ್ಡಿಗೂ ಸೇರಿಸಿ ಒಂದೇ ಪಟ್ಟಿ ಬರೆದಿರಬಹುದು. ನಾನು ಬಿಚ್ಚಿದ ಎಷ್ಟೋ ಲ್ಯಾಪ್‌ಟಾಪಿನಲ್ಲಿ ಎರಡನೇ ಸ್ಲಾಟ್ ಜಾಗದಲ್ಲಿ ಬರೀ ಬೆಸುಗೆ ಚುಕ್ಕಿಗಳಿದ್ದವು, ಸ್ಲಾಟೇ ಇರಲಿಲ್ಲ.


ಪೇಡಾಪ್ರಿಯ · ಶನಿವಾರ ರಾತ್ರಿ 10:20

ಸೀನಣ್ಣ ಹೇಳಿದ್ದು ಖರೆ ಅದ. ನಾನೂ ಹಂಗ ಮೋಸ ಹೋಗೀನಿ. ಅದಕ್ಕಿಂತ ದೊಡ್ಡ ಮೋಸ ಕೇಳ್ರಿ. ಡಿಡಿಆರ್4, 8 ಜಿಬಿ, ಕಡಿಮೆ ರೇಟು ಅಂತ ಆನ್‌ಲೈನಿನಾಗ ತರಿಸಿದೆ. ಡಬ್ಬಿ ತೆಗೆದರೆ ಗೇಣುದ್ದದ ಪಟ್ಟಿ! ಡೆಸ್ಕ್‌ಟಾಪಿಂದು. ಲ್ಯಾಪ್‌ಟಾಪಿಗೆ ಬೇಕಾಗೋದು ಸೋಡಿಮ್ ಅಂತ ಆಮೇಲೆ ಗೊತ್ತಾತು. ಹೆಂಡತಿ ಅದನ್ನ ಈಗ ದೇವರ ಮನಿ ಕಿಟಕಿಗೆ ಒತ್ತು ಕೊಟ್ಟಾಳ.


ರಿಪೇರಿ_ಸೀನ · ಶನಿವಾರ ರಾತ್ರಿ 10:24

😂 ಡೆಸ್ಕ್‌ಟಾಪಿಂದು 13 ಸೆಂಟಿಮೀಟರ್ ಮೇಲೆ, ಲ್ಯಾಪ್‌ಟಾಪಿಂದು 7 ಸೆಂಟಿಮೀಟರೂ ಇಲ್ಲ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ.


ಸೊನ್ನೆ_ಒಂದು · ಭಾನುವಾರ ಬೆಳಿಗ್ಗೆ 7:15

ಶಾಲ್ಮಲೆಯವರೇ, ನಿಮಗೆ ಸಿಕ್ಕ ಮೂರೂ ಸಲಹೆ ತಪ್ಪು. ತಪ್ಪು ಎಲ್ಲಿದೆ ಅಂತ ಗೊತ್ತಾದರೆ ಹೆದರಿಕೆ ಹೋಗುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಪ್ರತಿ ರ‍್ಯಾಮ್ ಸ್ಟಿಕ್ಕಿನ ಮೇಲೂ ಎಸ್‌ಪಿಡಿ ಅಂತ ಅಕ್ಕಿಕಾಳಿನಷ್ಟು ಪುಟ್ಟ ಚಿಪ್ ಇರುತ್ತದೆ. ಅದು ಆ ಸ್ಟಿಕ್ಕಿನ ಜಾತಕ ಇದ್ದ ಹಾಗೆ. ನಾನು ಎಷ್ಟು ಜಿಬಿ, ಎಷ್ಟು ವೇಗದವರೆಗೆ ಓಡಬಲ್ಲೆ, ಯಾವ ವೇಗಕ್ಕೆ ಎಷ್ಟು ಕಾಯಬೇಕು ಎಲ್ಲ ಅದರಲ್ಲಿ ಬರೆದಿರುತ್ತದೆ. ಲ್ಯಾಪ್‌ಟಾಪ್ ಆನ್ ಆದ ತಕ್ಷಣ ಬಯೋಸ್ ಅದನ್ನು ಓದುತ್ತದೆ. ನಿಮ್ಮ ಐ5-8250ಯು ಡಿಡಿಆರ್4ನ್ನು 2400ಕ್ಕಿಂತ ಮೇಲೆ ಓಡಿಸುವುದಿಲ್ಲ. ಹಾಗಾಗಿ 2666 ಹಾಕಿ, 3200 ಹಾಕಿ, ಅದು 2400ಕ್ಕೆ ಇಳಿದು ಸುಮ್ಮನೆ ಕೆಲಸ ಮಾಡುತ್ತದೆ. ಸುಡುವ ಮಾತೇ ಇಲ್ಲ. ಸಾಮಾನ್ಯ ಡಿಡಿಆರ್4 ಯಾವುದೇ ವೇಗದ್ದಾದರೂ 1.2 ವೋಲ್ಟಿನಲ್ಲೇ ಓಡುತ್ತದೆ.

ಎರಡು ಸ್ಟಿಕ್ ಇದ್ದು ವೇಗ ಬೇರೆ ಬೇರೆ ಇದ್ದರೆ? ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ನಿಧಾನದ್ದು ಹೇಗೆ ಹೆಜ್ಜೆ ಹಾಕುತ್ತದೋ ಚುರುಕಿನದೂ ಹಾಗೇ ಹಾಕಬೇಕು. ನೊಗವೇನೂ ಮುರಿಯುವುದಿಲ್ಲ.

ಕಂಪನಿ ಒಂದೇ ಇರಬೇಕು ಅನ್ನುವುದೂ ಅಷ್ಟೇ. ಲೇಬಲ್ ಯಾರದ್ದೇ ಇರಲಿ, ಒಳಗಿನ ಕಪ್ಪು ಚಿಪ್ಪುಗಳು ಹೆಚ್ಚಾಗಿ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂವರದ್ದೇ. ಜೆಡೆಕ್ ಅನ್ನೋ ಸಂಸ್ಥೆ ಎಲ್ಲರಿಗೂ ಒಂದೇ ಅಳತೆ ಕೊಟ್ಟಿದೆ. ಬೇರೆ ಬೇರೆ ಕಂಪನಿಯ ಸ್ಟಿಕ್ ಜೊತೆಗೆ ಹೊಂದದೆ ಇರುವುದು ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಅದು ಅಪರೂಪ.

ನೋಡಬೇಕಾದ್ದು ತಲೆಮಾರು. ಡಿಡಿಆರ್3, 4, 5 ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ. ಲ್ಯಾಪ್‌ಟಾಪ್ ಸ್ಟಿಕ್ಕಿನಲ್ಲಿ ಡಿಡಿಆರ್3ಕ್ಕೆ 204 ಪಿನ್, 4ಕ್ಕೆ 260, 5ಕ್ಕೆ 262. ನಡುವಿನ ಕಚ್ಚು ಇರುವ ಜಾಗವೂ ಬೇರೆ. ಕೂರುವುದಿಲ್ಲ ಅಂದರೆ ಒತ್ತಬೇಡಿ. ಕೂರಬಾರದು ಅಂತಲೇ ಹಾಗೆ ಮಾಡಿರುವುದು.


ಹಳೇಮಷೀನು · ಭಾನುವಾರ ಬೆಳಿಗ್ಗೆ 8:50

ಸೊನ್ನೆ_ಒಂದು ಅವರು ಬರೆದದ್ದಕ್ಕೆ ಒಂದು ಬಾಲ ಸೇರಿಸಬೇಕು. "ಕೂತರೆ ಸರಿ" ಅನ್ನುವುದು ಡಿಡಿಆರ್3ರ ಕಾಲದ ಲ್ಯಾಪ್‌ಟಾಪಿಗೆ ಹೊಂದುವುದಿಲ್ಲ. ನಾನು ಅಲ್ಲೇ ಎರಡು ದಿನ ತಲೆ ಚಚ್ಚಿಕೊಂಡಿದ್ದೇನೆ.

ತಂಗಿಯ ಹಳೇ ಲ್ಯಾಪ್‌ಟಾಪ್, ಇಂಟೆಲ್ 4ನೇ ತಲೆಮಾರಿನ ಪ್ರೊಸೆಸರಿಂದು. ಡಿಡಿಆರ್3, 1600, 204 ಪಿನ್ ಅಂತೆಲ್ಲ ನೋಡಿಯೇ ತಂದೆ. ಬೆಣ್ಣೆಯ ಹಾಗೆ ಕೂತಿತು. ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ತೆಗೆದು ಹಾಕಿದೆ. ರಬ್ಬರಿನಿಂದ ಉಜ್ಜಿ ಹಾಕಿದೆ. ಊದಿ ಹಾಕಿದೆ. ಅಮ್ಮ "ಕುಂಕುಮ ಇಟ್ಟು ಹಾಕು" ಅಂದಳು. ಕೊನೆಗೆ ಹಳೆಯದರ ಮತ್ತು ಹೊಸದರ ಲೇಬಲ್ ಪಕ್ಕಪಕ್ಕ ಇಟ್ಟು ನೋಡಿದೆ. ಹಳೆಯದರ ಮೇಲೆ ಪಿಸಿ3ಎಲ್-12800, ಹೊಸದರ ಮೇಲೆ ಪಿಸಿ3-12800. ಒಂದೇ ಒಂದು "ಎಲ್" ಅಕ್ಷರ!

ಆ "ಎಲ್" ಅಂದರೆ ಕಡಿಮೆ ವೋಲ್ಟೇಜ್, 1.35. ಎಲ್ ಇಲ್ಲದ್ದು 1.5 ವೋಲ್ಟು. 4ನೇ ತಲೆಮಾರಿನ ಲ್ಯಾಪ್‌ಟಾಪ್ 1.35 ಮಾತ್ರ ಕೊಡುತ್ತದೆ. ಎಲ್ ಇಲ್ಲದ ಸ್ಟಿಕ್ಕಿಗೆ ಅದು ಸಾಲದು, ಏಳುವುದಿಲ್ಲ. ಮಜಾ ಏನೆಂದರೆ, ಉಲ್ಟಾ ನಡೆಯುತ್ತದೆ. ಎಲ್ ಇರುವ ಸ್ಟಿಕ್ಕನ್ನು 1.5 ವೋಲ್ಟಿನ ಹಳೇ ಲ್ಯಾಪ್‌ಟಾಪಿಗೆ ಹಾಕಿದರೆ ತಕರಾರಿಲ್ಲದೆ ಓಡುತ್ತದೆ. ಹಾಗಾಗಿ ಡಿಡಿಆರ್3 ಲ್ಯಾಪ್‌ಟಾಪ್ ಇರುವವರು ಕಣ್ಣು ಮುಚ್ಚಿ ಎಲ್ ಇರುವುದನ್ನೇ ತಗೊಳ್ಳಿ.

ಶಾಲ್ಮಲೆಯವರಿಗೆ ಇದು ಬೇಕಿಲ್ಲ, ಅವರದ್ದು ಡಿಡಿಆರ್4. ಬೇರೆಯವರು ಹುಡುಕಿಕೊಂಡು ಬಂದರೆ ಇರಲಿ ಅಂತ ಬರೆದೆ.


ಉಡುಪಿ_ಹುಡುಗ · ಭಾನುವಾರ ಬೆಳಿಗ್ಗೆ 9:10

ಮಾರಾಯ್ರೇ, ಎಲ್ಲರೂ ರ‍್ಯಾಮ್ ರ‍್ಯಾಮ್ ಅಂತ ಭಜನೆ ಮಾಡ್ತಿದ್ದೀರಿ. ಅವರ ಹತ್ತಿರ ಇರುವುದು ಹಾರ್ಡ್ ಡಿಸ್ಕ್! ವಿಂಡೋಸ್ 11ನ್ನು ಹಾರ್ಡ್ ಡಿಸ್ಕಿನಲ್ಲಿ ಓಡಿಸಿದರೆ 32 ಜಿಬಿ ಹಾಕಿದರೂ ಆನ್ ಆಗಲಿಕ್ಕೆ ಅಷ್ಟೇ ಹೊತ್ತು. ಮೊದಲು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಿಸಿ. ರ‍್ಯಾಮ್ ಆಮೇಲೆ.


ರಿಪೇರಿ_ಸೀನ · ಭಾನುವಾರ ಬೆಳಿಗ್ಗೆ 9:32

ಎಸ್‌ಎಸ್‌ಡಿ ಬೇಕು, ಒಪ್ಪಿದೆ. ಆದರೆ 4 ಜಿಬಿ ಇಟ್ಟುಕೊಂಡು ಎಸ್‌ಎಸ್‌ಡಿ ಹಾಕಿದರೆ ಕೋರೆಲ್ ಮತ್ತು ಬ್ರೌಸರ್ ಒಟ್ಟಿಗೆ ಓಡಿಸೋಕೆ ಆಗಲ್ಲ ಗುರು. ಬೇಗ ಆನ್ ಆಗುತ್ತದೆ, ಆಮೇಲೆ ಮತ್ತೆ ಅದೇ ಕಥೆ.


ಸೊನ್ನೆ_ಒಂದು · ಭಾನುವಾರ ಬೆಳಿಗ್ಗೆ 10:00

ಇದಕ್ಕೆ ವಾದ ಬೇಡ, ಲ್ಯಾಪ್‌ಟಾಪನ್ನೇ ಕೇಳಬಹುದು. ಶಾಲ್ಮಲೆಯವರೇ, ನಾಳೆ ಅಂಗಡಿಯಲ್ಲಿ ಸರಿಯಾಗಿ ಸಿಕ್ಕಿಕೊಂಡಿರುವ ಹೊತ್ತಿಗೆ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ, ಡಿಸ್ಕ್ ಎರಡರ ಶೇಕಡಾ ನೋಡಿ.

ಮೆಮೊರಿ 50-60 ಇದ್ದು ಡಿಸ್ಕ್ 100 ಇದ್ದರೆ ತಪ್ಪು ಡಿಸ್ಕಿನದು. ಮೆಮೊರಿ 90 ದಾಟಿ, ಡಿಸ್ಕೂ 100 ಇದ್ದರೆ ರ‍್ಯಾಮ್ ಸಾಲುತ್ತಿಲ್ಲ. ಜಾಗ ಇಲ್ಲದ್ದಕ್ಕೆ ವಿಂಡೋಸ್ ಸಾಮಾನನ್ನೆಲ್ಲ ಡಿಸ್ಕಿಗೆ ಸಾಗಿಸಿ ಮತ್ತೆ ತರುತ್ತಿದೆ ಅಂತ ಅರ್ಥ. ರ‍್ಯಾಮಿನ ವ್ಯವಹಾರ ನ್ಯಾನೋಸೆಕೆಂಡಿನಲ್ಲಿ, ಹಾರ್ಡ್ ಡಿಸ್ಕಿನದು ಮಿಲಿಸೆಕೆಂಡಿನಲ್ಲಿ. ಒಂದು ಮಿಲಿಸೆಕೆಂಡಿಗೆ 10 ಲಕ್ಷ ನ್ಯಾನೋಸೆಕೆಂಡು. ನಿಮ್ಮ ಗಿರಾಕಿ ಚಾ ಕುಡಿಯುವುದು ಆ ವ್ಯತ್ಯಾಸದಲ್ಲೇ.


ಶಾಲ್ಮಲೆ_ಶಿರಸಿ · ಸೋಮವಾರ ಮಧ್ಯಾಹ್ನ 2:10

ಎಲ್ಲರಿಗೂ ಧನ್ಯವಾದ. ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ನೋಡಿದೆ. ಮೆಮೊರಿ 94, ಡಿಸ್ಕ್ 100. ಅಂದರೆ ಎರಡೂ ಬೇಕು ಅಂತಾಯ್ತು. 😔

ಊಟದ ಹೊತ್ತಿಗೆ ಧೈರ್ಯ ಮಾಡಿ ಅಡಿಯ ಮುಚ್ಚಳ ಬಿಚ್ಚಿದೆ. ಹತ್ತು ಸ್ಕ್ರೂ ತೆಗೆದರೂ ಬರಲಿಲ್ಲ. ಹಿಂದಿನ ರಬ್ಬರ್ ಪಾದದ ಕೆಳಗೆ ಇನ್ನೆರಡು ಅಡಗಿದ್ದವು. ಹಳೇ ಎಟಿಎಂ ಕಾರ್ಡ್ ಅಂಚಿಗೆ ತೂರಿಸಿ ನಿಧಾನವಾಗಿ ಬಿಡಿಸಿದೆ. ಸೀನಣ್ಣ ಹೇಳಿದ್ದೇ ನಿಜ. ಒಂದೇ ಸ್ಲಾಟ್. ಅದರಲ್ಲಿ 4 ಜಿಬಿ ಸ್ಟಿಕ್ ಕೂತಿದೆ. ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಇದೆ, ಆದರೆ ಬರೀ ಬೆಳ್ಳಿ ಚುಕ್ಕಿಗಳ ಸಾಲು. 12 ಜಿಬಿ ಕನಸು ಅಲ್ಲಿಗೆ ಮುಗಿಯಿತು.

ಸ್ಟಿಕ್ಕಿನ ಮೇಲೆ ಹೀಗಿದೆ: 4ಜಿಬಿ 1ಆರ್‌ಎಕ್ಸ್16 ಪಿಸಿ4-2400ಟಿ-ಎಸ್‌ಸಿ0-11. ಇದರಲ್ಲಿ ನನಗೆ ಗೊತ್ತಾಗಿದ್ದು 4 ಜಿಬಿ ಒಂದೇ. ಮ್ಯಾನುಯಲ್ಲಿನಲ್ಲಿ ಗರಿಷ್ಠ 8 ಜಿಬಿ ಅಂತಿದೆ. ಹಾಗಾದರೆ 16 ಹಾಕುವ ಹಾಗಿಲ್ಲವಾ?


ರಿಪೇರಿ_ಸೀನ · ಸೋಮವಾರ ಮಧ್ಯಾಹ್ನ 2:45

ಭೇಷ್ ಅಕ್ಕ. ಬಿಚ್ಚಿ ನೋಡಿದ್ದಕ್ಕೆ ಅರ್ಧ ಕೆಲಸ ಮುಗಿಯಿತು.

ಲೇಬಲ್ ಓದೋದು ಹೇಳ್ತೀನಿ. ಪಿಸಿ4 ಅಂದರೆ ಡಿಡಿಆರ್4. 2400 ವೇಗ. ಹಿಂದಿರುವ "ಟಿ" ಕಾಯುವ ಲೆಕ್ಕ, ಅದನ್ನ ಸಿಎಲ್ 17 ಅಂತಾರೆ. 2666ಕ್ಕೆ "ವಿ" ಇರುತ್ತದೆ, ಅಂದರೆ ಸಿಎಲ್ 19. 3200ಕ್ಕೆ "ಎಎ", ಸಿಎಲ್ 22. ಆಮೇಲೆ ಬರುವ "ಎಸ್" ಮುಖ್ಯ. ಎಸ್ ಇದ್ದರೆ ಲ್ಯಾಪ್‌ಟಾಪಿಂದು. ಯು ಇದ್ದರೆ ಡೆಸ್ಕ್‌ಟಾಪಿಂದು, ಪೇಡಾ ಅಣ್ಣನ ಕಿಟಕಿಗೆ ಆಗುತ್ತದೆ. ಆರ್ ಇದ್ದರೆ ಸರ್ವರಿಂದು, ನಿಮಗೆ ಯಾವುದಕ್ಕೂ ಆಗಲ್ಲ.

1ಆರ್‌ಎಕ್ಸ್16 ಅಂದರೆ ಚಿಪ್ಪುಗಳು ಒಂದೇ ಸಾಲಾಗಿ ಕೆಲಸ ಮಾಡುತ್ತವೆ, ಒಂದೊಂದರ ಅಗಲ 16 ಬಿಟ್. ಒಟ್ಟು 64 ಬಿಟ್ ಆಗಬೇಕು, ಹಾಗಾಗಿ ನಾಲ್ಕೇ ಚಿಪ್ ಇರುತ್ತವೆ. ಎಕ್ಸ್8 ಆದರೆ ಎಂಟು ಚಿಪ್. ಎರಡೂ ಓಡುತ್ತವೆ. ಎಕ್ಸ್8 ಕೂದಲೆಳೆಯಷ್ಟು ಚುರುಕು. ಒಂದೇ ರೇಟಿಗೆ ಎರಡೂ ಸಿಕ್ಕರೆ ಎಕ್ಸ್8 ತಗೊಳ್ಳಿ.


ನಿವೃತ್ತ_ಮೇಷ್ಟ್ರು · ಸೋಮವಾರ ಮಧ್ಯಾಹ್ನ 3:30

ಸಿಎಲ್ 17ಕ್ಕಿಂತ 22 ನಿಧಾನ ಅಲ್ಲವೇ? ಹಾಗಾದರೆ 3200 ತಗೊಂಡರೆ ನಷ್ಟವೇ ಆಯಿತಲ್ಲ. ತಿಳಿಯದೆ ಕೇಳುತ್ತಿದ್ದೇನೆ.


ಸೊನ್ನೆ_ಒಂದು · ಸೋಮವಾರ ಮಧ್ಯಾಹ್ನ 3:52

ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಸಿಎಲ್ ಅನ್ನುವುದು ಸಮಯ ಅಲ್ಲ, ಎಣಿಕೆ. ಗಡಿಯಾರದ ಎಷ್ಟು ಬಡಿತ ಕಾಯಬೇಕು ಅಂತ. 3200ರಲ್ಲಿ ಬಡಿತಗಳೇ ಹತ್ತಿರ ಹತ್ತಿರ ಬರುತ್ತವೆ. ಡಿಡಿಆರ್‌ನಲ್ಲಿ ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಹೋಗುವುದರಿಂದ 2400ರ ನಿಜ ಗಡಿಯಾರ 1200 ಮೆಗಾಹರ್ಟ್ಸ್, 3200ರದ್ದು 1600. ಭಾಗಿಸಿ ನೋಡಿ: 17ನ್ನು 1200ರಿಂದ ಭಾಗಿಸಿ 1000ದಿಂದ ಗುಣಿಸಿದರೆ ಸುಮಾರು 14.2 ನ್ಯಾನೋಸೆಕೆಂಡ್. 22ನ್ನು 1600ರಿಂದ ಹಾಗೇ ಮಾಡಿದರೆ 13.75. ಹೆಚ್ಚುಕಡಿಮೆ ಒಂದೇ. 3200ರ ಸ್ಟಿಕ್ 2400ಕ್ಕೆ ಇಳಿದಾಗ ಸಿಎಲ್ ಕೂಡ ತಾನೇ ಇಳಿಯುತ್ತದೆ.

ಒಂದು ಎಚ್ಚರ. ಗೇಮ್ ಆಡುವವರಿಗಾಗಿ ಮಾಡಿದ ಕೆಲವು ಸ್ಟಿಕ್ ಬಯೋಸಿನಲ್ಲಿ ಎಕ್ಸ್‌ಎಂಪಿ ಅನ್ನುವ ಹೆಚ್ಚು ವೇಗದ ಸೆಟ್ಟಿಂಗ್ ಆನ್ ಮಾಡಿದರೆ ಮಾತ್ರ ಡಬ್ಬಿಯ ಮೇಲಿನ ವೇಗ ತೋರಿಸುತ್ತವೆ. ಹೆಚ್ಚಿನ ಲ್ಯಾಪ್‌ಟಾಪಿನ ಬಯೋಸಿನಲ್ಲಿ ಆ ಸ್ವಿಚ್ಚೇ ಇಲ್ಲ. 1.35 ವೋಲ್ಟ್ ಅಂತ ಬರೆದಿರುವ ಡಿಡಿಆರ್4 ಸ್ಟಿಕ್ ಕಂಡರೆ ಬಿಟ್ಟುಬಿಡಿ. 1.2 ಇದ್ದರೆ ನೆಮ್ಮದಿ.


ಹಳೇಮಷೀನು · ಸೋಮವಾರ ಸಂಜೆ 6:15

ಗರಿಷ್ಠ 8 ಅನ್ನುವ ಬಗ್ಗೆ ನನ್ನ ಮಾತು. ಮ್ಯಾನುಯಲ್ ಬರೆದವರು ಆ ಕಾಲಕ್ಕೆ ಪರೀಕ್ಷೆ ಮಾಡಿದ್ದನ್ನು ಮಾತ್ರ ಬರೆದಿರುತ್ತಾರೆ. ನನ್ನ ಹತ್ತಿರ 2012ರ ಮಾದರಿಯ ಮ್ಯಾಕ್‌ಬುಕ್ ಪ್ರೊ ಇದೆ, ರೆಟಿನಾ ಪರದೆ ಇಲ್ಲದ್ದು. ಆಪಲ್ ಲೆಕ್ಕದಲ್ಲಿ ಗರಿಷ್ಠ 8 ಜಿಬಿ. 8ರ ಎರಡು ಸ್ಟಿಕ್ ಹಾಕಿ 16 ಮಾಡಿಕೊಂಡಿದ್ದೇನೆ, ವರ್ಷಗಟ್ಟಲೆ ಓಡುತ್ತಿದೆ.

ಆದರೆ ಎಲ್ಲ ಕಡೆ ಹೀಗೇ ಅಂತಲ್ಲ. ಆಗ ಹೇಳಿದ ತಂಗಿಯ 4ನೇ ತಲೆಮಾರಿನ ಲ್ಯಾಪ್‌ಟಾಪಿಗೆ 16 ಜಿಬಿಯ ಒಂದೇ ಡಿಡಿಆರ್3ಎಲ್ ಸ್ಟಿಕ್ ಹಾಕಿದರೆ ಏಳುವುದೇ ಇಲ್ಲ. ಅಷ್ಟು ದಟ್ಟವಾದ ಚಿಪ್ಪು ಆ ಪ್ರೊಸೆಸರಿಗೆ ಅರ್ಥವಾಗುವುದಿಲ್ಲ. 5ನೇ ತಲೆಮಾರಿನಿಂದ ಆಗುತ್ತದೆ. ಅಂದರೆ ಮ್ಯಾನುಯಲ್ಲಿನ ಮಿತಿ ಒಮ್ಮೊಮ್ಮೆ ಕಾಗದದ್ದು, ಒಮ್ಮೊಮ್ಮೆ ಗೋಡೆಯದ್ದು. ಯಾವುದು ಅಂತ ತಿಳಿಯಲು ಇಂಟೆಲ್‌ನ ಸೈಟಿನಲ್ಲಿ ಪ್ರೊಸೆಸರಿನ ಪುಟ ನೋಡಬೇಕು.


ಸೊನ್ನೆ_ಒಂದು · ಸೋಮವಾರ ಸಂಜೆ 6:40

ಹೌದು. 8250ಯು ಪುಟದಲ್ಲಿ 2 ಚಾನೆಲ್, ಗರಿಷ್ಠ 32 ಜಿಬಿ ಅಂತಿದೆ. ಚಾನೆಲ್ ಅಂದರೆ ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ದಾರಿ. ಒಂದು ಚಾನೆಲ್ಲಿಗೆ 16. ಹಾಗಾಗಿ ಇವರ ಒಂದು ಸ್ಲಾಟಿಗೆ 16 ಪ್ರೊಸೆಸರಿನ ಕಡೆಯಿಂದ ತೊಂದರೆ ಇಲ್ಲ. ಬಯೋಸ್ ಕೊಸರಾಡಿದರೆ ಮಾತ್ರ ಕಷ್ಟ, ಅದು ಅಪರೂಪ. 16 ತಗೊಳ್ಳುವುದಾದರೆ 2ಆರ್‌ಎಕ್ಸ್8 ಇರುವುದನ್ನೇ ತಗೊಳ್ಳಿ. 16 ಸಣ್ಣ ಚಿಪ್ಪುಗಳಿರುವುದು ಹಳೇ ಲ್ಯಾಪ್‌ಟಾಪಿಗೆ ಹೊಂದುವ ಸಂಭವ ಜಾಸ್ತಿ. ವಾಪಸ್ ತಗೊಳ್ಳುತ್ತೇನೆ ಅಂತ ಒಪ್ಪಿದವರ ಹತ್ತಿರ ಮಾತ್ರ ತಗೊಳ್ಳಿ.


ಉಡುಪಿ_ಹುಡುಗ · ಸೋಮವಾರ ಸಂಜೆ 7:05

ಒಂದೇ ಸ್ಟಿಕ್ ಅಂದರೆ ಡ್ಯುಯಲ್ ಚಾನೆಲ್ ಇಲ್ಲ. ಅರ್ಧ ವೇಗ ಹೋಯ್ತಲ್ಲ. ಲ್ಯಾಪ್‌ಟಾಪನ್ನೇ ಮಾರಿ ಬೇರೆ ತಗೊಳ್ಳುವುದು ಒಳ್ಳೆಯದು.


ರಿಪೇರಿ_ಸೀನ · ಸೋಮವಾರ ಸಂಜೆ 7:20

ಅಯ್ಯೋ, ಮದುವೆ ಕಾಗದ ಮಾಡೋಕೆ ಡ್ಯುಯಲ್ ಚಾನೆಲ್ ಯಾಕೆ ಬೇಕು ಸಾರ್? ಒಂದು ಚಾನೆಲ್ಲಲ್ಲೇ 2400ಕ್ಕೆ ಸೆಕೆಂಡಿಗೆ 19 ಜಿಬಿ ಹೋಗುತ್ತದೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನಲ್ಲಿ ಗೇಮ್ ಆಡೋರಿಗೆ ಎರಡು ಚಾನೆಲ್ ಇದ್ದರೆ ಕಣ್ಣಿಗೆ ಕಾಣೋ ಹಾಗೆ ವ್ಯತ್ಯಾಸ ಆಗುತ್ತದೆ, ಸುಳ್ಳಲ್ಲ. ಎರಡು ಸ್ಲಾಟ್ ಇದ್ದವರು ಸಮಸಮ ಹಾಕಲಿ. 4 ಮತ್ತು 8 ಹಾಕಿದರೂ 4+4 ಜೋಡಿಯಾಗಿ ಓಡುತ್ತದೆ, ಉಳಿದ 4 ಒಂಟಿಯಾಗಿ ಓಡುತ್ತದೆ, ನಷ್ಟ ಇಲ್ಲ. ಅಕ್ಕನ ಹತ್ತಿರ ಇರೋದೇ ಒಂದು ಸ್ಲಾಟ್. ಇಲ್ಲದ ಸ್ಲಾಟಿಗೆ ಅಳೋದು ಯಾಕೆ?


ತುಮಕೂರ್_ಟು_ಟೊರಾಂಟೊ · ಸೋಮವಾರ ರಾತ್ರಿ 11:50

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಹೊಸ ತೆಳು ಲ್ಯಾಪ್‌ಟಾಪ್. ಟಾಸ್ಕ್ ಮ್ಯಾನೇಜರಿನಲ್ಲಿ ಸೋಡಿಮ್ ಅನ್ನುವ ಜಾಗದಲ್ಲಿ "ರೋ ಆಫ್ ಚಿಪ್ಸ್" ಅಂತ ಬರುತ್ತಿದೆ. ಇದಕ್ಕೆ ರ‍್ಯಾಮ್ ಹಾಕಬಹುದಾ?


ಸೊನ್ನೆ_ಒಂದು · ಮಂಗಳವಾರ ಬೆಳಿಗ್ಗೆ 7:00

ಹೆಚ್ಚಾಗಿ ಆಗುವುದಿಲ್ಲ. ಚಿಪ್ಪುಗಳನ್ನು ಬೋರ್ಡಿಗೇ ಬೆಸೆದಿದ್ದಾರೆ ಅಂತ ಅರ್ಥ. ಎಲ್‌ಪಿಡಿಡಿಆರ್ ಅಂತ ಕಂಡರೆ ಸಾಮಾನ್ಯವಾಗಿ ಅದೇ ಕಥೆ. ಕ್ಯಾಮ್2 ಅನ್ನುವ ಹೊಸ ಬಗೆಯ ಬಿಚ್ಚಬಹುದಾದ ಮೆಮೊರಿಗೆ ಜೆಡೆಕ್ 2023ರ ಕೊನೆಗೆ ಒಪ್ಪಿಗೆ ಕೊಟ್ಟಿತು. ಆದರೆ ಅದಿರುವ ಲ್ಯಾಪ್‌ಟಾಪ್ ಇನ್ನೂ ಬೆರಳೆಣಿಕೆ. ಇಂಥ ಲ್ಯಾಪ್‌ಟಾಪ್ ತಗೊಳ್ಳುವಾಗಲೇ ಬೇಕಾದಷ್ಟು ರ‍್ಯಾಮ್ ಹಾಕಿಸಿ ತಗೊಳ್ಳಬೇಕಿತ್ತು. ಬೇಜಾರಾಗಬೇಡಿ.


ಶಾಲ್ಮಲೆ_ಶಿರಸಿ · ಮಂಗಳವಾರ ಬೆಳಿಗ್ಗೆ 10:30

ರೇಟ್ ವಿಚಾರಿಸಿದೆ. ಹೊಸ 16 ಜಿಬಿ ಕೇಳಿ ಎದೆ ಧಸಕ್ ಅಂತು. ಹೋದ ವರ್ಷ ನಮ್ಮ ಪಕ್ಕದ ಅಂಗಡಿಯವರು ತಗೊಂಡಿದ್ದಕ್ಕಿಂತ ದುಪ್ಪಟ್ಟಿಗೂ ಮೇಲೆ ಹೇಳುತ್ತಾರೆ. ನನ್ನನ್ನ ನೋಡಿ ಟೋಪಿ ಹಾಕ್ತಿದ್ದಾರಾ?


ರಿಪೇರಿ_ಸೀನ · ಮಂಗಳವಾರ ಬೆಳಿಗ್ಗೆ 11:00

ಟೋಪಿ ಅಲ್ಲ ಅಕ್ಕ, ಎಲ್ಲ ಕಡೆ ಹಾಗೇ. ಎಐ ಸರ್ವರ್‌ಗಳಿಗೆ ಮೆಮೊರಿ ಸಾಲುತ್ತಿಲ್ಲ, ಕಾರ್ಖಾನೆಗಳು ಅತ್ತ ತಿರುಗಿಬಿಟ್ಟಿವೆ. 2025ರ ಕೊನೆಯಲ್ಲಿ ರೇಟು ಏರಿದ್ದು ಇಳಿದೇ ಇಲ್ಲ. ಮೈಕ್ರಾನ್ ಅಂತೂ ನಮ್ಮ ನಿಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಮುಚ್ಚುತ್ತೇನೆ ಅಂತ ಡಿಸೆಂಬರ್‌ನಲ್ಲಿ ಹೇಳಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಈಗ ಬೆಳಿಗ್ಗೆ ಒಂದು ರೇಟು, ಸಂಜೆ ಒಂದು ರೇಟು.

ನನ್ನ ಕೇಳಿದರೆ ನಿಮ್ಮ ಕೆಲಸಕ್ಕೆ 8 ಸಾಕು. ಅದೂ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಉಳಿದ ದುಡ್ಡಿಗೆ ಎಸ್‌ಎಸ್‌ಡಿ ಹಾಕಿಸಿ. ರ‍್ಯಾಮಿನಲ್ಲಿ ತಿರುಗೋದು ಉಜ್ಜೋದು ಏನೂ ಇಲ್ಲ, ಬಳಸಿದ್ದು ಅಂತ ಸವೆಯಲ್ಲ. ಹಾಳಾದ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸ್ಯಾಮ್‌ಸಂಗ್, ಹೈನಿಕ್ಸ್ ಸ್ಟಿಕ್ ಚೆನ್ನಾಗಿರುತ್ತವೆ. ಚಿನ್ನದ ಬಣ್ಣದ ಪಿನ್ನುಗಳಲ್ಲಿ ಕಪ್ಪು ಕಲೆ ಇದೆಯಾ ನೋಡಿ. ಲೇಬಲ್ ಮೇಲೆ ಇನ್ನೊಂದು ಲೇಬಲ್ ಅಂಟಿಸಿದ್ದರೆ ವಾಪಸ್ ಕೊಡಿ. ತಂದ ದಿನವೇ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೆನ್‌ಡ್ರೈವಿಗೆ ಹಾಕಿ ರಾತ್ರಿ ಓಡಿಸಿ. ಒಂದು ಕೆಂಪು ಗೆರೆ ಬಂದರೂ ಸ್ಟಿಕ್ ಬೇಡ.


ಪೇಡಾಪ್ರಿಯ · ಮಂಗಳವಾರ ಬೆಳಿಗ್ಗೆ 11:20

ಅಕ್ಕಾರ, ಹಾಕೋಕಿಂತ ಮೊದಲು ಒಳಗಿನ ಬ್ಯಾಟರಿ ವಾಯರ್ ಬಿಚ್ಚ್ರಿ. ಚಾರ್ಜರ್ ತೆಗೆದರ ಸಾಲಂಗಿಲ್ಲ.


ಶಾಲ್ಮಲೆ_ಶಿರಸಿ · ಶುಕ್ರವಾರ ರಾತ್ರಿ 8:15

ಅಯ್ಯೋ ಸಹಾಯ ಮಾಡಿ! ಹುಬ್ಬಳ್ಳಿಗೆ ಹೋದವರ ಹತ್ತಿರ ತರಿಸಿದೆ. ಸೆಕೆಂಡ್ ಹ್ಯಾಂಡ್, 8ಜಿಬಿ 1ಆರ್‌ಎಕ್ಸ್8 ಪಿಸಿ4-2666ವಿ-ಎಸ್ ಅಂತಿದೆ. ಬ್ಯಾಟರಿ ವಾಯರ್ ಬಿಚ್ಚಿಯೇ ಹಾಕಿದೆ. ಈಗ ಆನ್ ಮಾಡಿದರೆ ಲೈಟ್ ಬರುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಹಳೇಮಷೀನು ಅವರ ಕಥೆಯೇ ಆಯ್ತಲ್ಲ. ನಾಳೆ ಬೆಳಿಗ್ಗೆ ಒಂದು ಗೃಹಪ್ರವೇಶದ ಕಾಗದ ಕೊಡಬೇಕು.


ರಿಪೇರಿ_ಸೀನ · ಶುಕ್ರವಾರ ರಾತ್ರಿ 8:21

ಗಾಬರಿ ಬೇಡ. ಮೊದಲು ಎರಡು ಮೂರು ನಿಮಿಷ ಸುಮ್ಮನೆ ಬಿಡಿ. ಹೊಸ ಸ್ಟಿಕ್ ಕಂಡಾಗ ಮೊದಲ ಸಲ ತಡ ಆಗುತ್ತದೆ. ಬರದಿದ್ದರೆ ಆಫ್ ಮಾಡಿ, ಚಾರ್ಜರ್ ಮತ್ತು ಬ್ಯಾಟರಿ ವಾಯರ್ ತೆಗೆದು ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಸ್ಟಿಕ್ ತೆಗೆದು ಮತ್ತೆ ಹಾಕಿ.

ಹಾಕುವಾಗ ಸಪಾಟಾಗಿ ತಳ್ಳಬೇಡಿ. ಓರೆಯಾಗಿ ಹಿಡಿದು, ಚಿನ್ನದ ಪಿನ್ ಪೂರ್ತಿ ಒಳಗೆ ಹೋಗುವವರೆಗೆ ತಳ್ಳಿ. ಆಮೇಲೆ ಕೆಳಗೆ ಒತ್ತಿ. ಎರಡೂ ಬದಿಯ ಕೊಕ್ಕೆ "ಟಕ್" ಅನ್ನಬೇಕು. ಒಂದು ಟಕ್ ಅಲ್ಲ, ಎರಡು.


ಶಾಲ್ಮಲೆ_ಶಿರಸಿ · ಶುಕ್ರವಾರ ರಾತ್ರಿ 9:02

ಬಂತು!! ಒಂದೇ ಕಡೆ ಟಕ್ ಅಂದಿತ್ತು. ಎಡಗಡೆ ಕೊಕ್ಕೆ ಮೇಲೆಯೇ ಕೂತಿತ್ತು.

ಈಗ 8 ಜಿಬಿ ತೋರಿಸುತ್ತಿದೆ, ವೇಗ 2400. ಸ್ಟಿಕ್ಕಿನ ಮೇಲೆ 2666 ಇದ್ದರೂ. ಕಂಪನಿ ಬೇರೆ. ಬೋರ್ಡೂ ಸುಟ್ಟಿಲ್ಲ. ಭಾವನ ಮಗನಿಗೆ ಫೋಟೋ ಕಳಿಸಿದ್ದೇನೆ. "2ರಲ್ಲಿ 1" ಅಂತ ಇನ್ನೂ ತೋರಿಸುತ್ತಲೇ ಇದೆ, ಇರಲಿ ಬಿಡಿ.


ಶಾಲ್ಮಲೆ_ಶಿರಸಿ · ಮುಂದಿನ ಬುಧವಾರ ಸಂಜೆ 5:30

ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ, ಕೆಂಪು ಗೆರೆ ಬರಲಿಲ್ಲ. ಎಸ್‌ಎಸ್‌ಡಿ ಕೂಡ ಹಾಕಿಸಿದೆ. ಉಡುಪಿಯವರು ಹೇಳಿದ್ದು ಸುಳ್ಳಲ್ಲ. ರ‍್ಯಾಮ್ ಹಾಕಿದಾಗ ಕೋರೆಲ್ ಸಿಕ್ಕಿಕೊಳ್ಳುವುದು ನಿಂತಿತು, ಆದರೆ ಆನ್ ಆಗಲು ಮಾತ್ರ ಮೊದಲಿನಷ್ಟೇ ಹೊತ್ತು ಹಿಡಿಯುತ್ತಿತ್ತು. ಎಸ್‌ಎಸ್‌ಡಿ ಹಾಕಿದ ಮೇಲೆ ಅದೂ ಹೋಯಿತು. ಇವತ್ತು ಒಬ್ಬರು ಚಾ ಕುಡಿಯಲು ಹೊರಟಿದ್ದರು, ಮೆಟ್ಟಿಲು ಇಳಿಯುವಷ್ಟರಲ್ಲಿ ಪ್ರಿಂಟ್ ಬಂತು.

ಹಳೇ 4 ಜಿಬಿ ಸ್ಟಿಕ್ ಡ್ರಾಯರಿನಲ್ಲಿದೆ. ಡಿಡಿಆರ್4, ಎಸ್ ಇದೆ. ಯಾರಿಗಾದರೂ ಬೇಕಾ? ದುಡ್ಡು ಬೇಡ.


ನಿವೃತ್ತ_ಮೇಷ್ಟ್ರು · ಬುಧವಾರ ಸಂಜೆ 6:10

ನಮ್ಮ ಊರಿನ ಶಾಲೆಗೆ ಯಾರೋ ಕೊಟ್ಟ ಎರಡು ಲ್ಯಾಪ್‌ಟಾಪ್ ಇವೆ. ಒಂದರಲ್ಲಿ 4 ಜಿಬಿ, ಒಂದು ಸ್ಲಾಟ್ ಖಾಲಿ. ಈ ಸಲ ಬಿಚ್ಚಿ ಕಣ್ಣಾರೆ ನೋಡಿಯೇ ಹೇಳುತ್ತಿದ್ದೇನೆ. ಒಳಗಿರುವುದರ ಮೇಲೆ ಪಿಸಿ4 ಅಂತಿದೆ. ನಾನಿರುವುದು ಸಿದ್ದಾಪುರ. ಶಿರಸಿ ಬಸ್ಸಿನ ಕಂಡಕ್ಟರ್ ನನ್ನ ಹಳೇ ವಿದ್ಯಾರ್ಥಿ, ಅವನ ಕೈಗೆ ಕೊಟ್ಟರೆ ಆಯಿತು.


ಶಾಲ್ಮಲೆ_ಶಿರಸಿ · ಬುಧವಾರ ಸಂಜೆ 6:18

ಆಯ್ತು ಮೇಷ್ಟ್ರೇ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಕಳಿಸುತ್ತೇನೆ. ಹಾಕುವಾಗ ಎರಡು ಟಕ್.